ಒಳಕ್ಕೆ ಸರಿದ ಬಟನ್‌ಗಳು

ಸುಹೇಲ್,

ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಇದೂ ನಿನಗೆ ತಲುಪುವುದಿಲ್ಲ, ಆ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ನಾವಿಬ್ಬರೂ ಸೇರಿ ಮಾಡುತ್ತಿದ್ದೆವಲ್ಲ, ಕೈಯಲ್ಲಿ ಹಿಡಿದು ಆಡುವ ಗೇಮು. ಅದಕ್ಕೆ ನೀನು ಊರು ಬಿಡುವ ಮುಂಚೆ ಆರ್ಡರ್ ಹಾಕಿದ್ದ ಸರ್ಕ್ಯೂಟ್ ಬೋರ್ಡುಗಳು ಇವತ್ತು ಶಿರಾದ ನಿಮ್ಮ ಮನೆಗೆ ಬಂದವು. ತರಲು ಹೋದೆ. ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದ್ದಾರಾ ಅಂತ ಪೊಟ್ಟಣ ನೋಡುತ್ತಾ ಬಾಗಿಲಲ್ಲೇ ನಿಂತೆ.

"ಎಷ್ಟು ತಿರುಗ್ಸಿ ತಿರುಗ್ಸಿ ನೋಡ್ತೀಯೋ ಮಲ್ಲೇಶ? ಅದ್ರಾಗೆ ಹಾವೇನೂ ಇಲ್ಲ, ತಗಂಡೋಗು ಬೇಟಾ" ಅಂದರು ನಿಮ್ಮ ಅಮ್ಮಿ.

ಮನೆಗೆ ಬಂದು ನಮ್ಮ ಮೊದಲ ನಕ್ಷೆಯ ಮೇಲೆ ಬೋರ್ಡ್ ಇಟ್ಟೆ. ಎಡಗಡೆಯ ಬಟನ್‌ಗಳ ಜಾಗ ಒಳಕ್ಕೆ ಸರಿದಿತ್ತು. ನನಗೆ ಹೇಳದೆ ಬದಲಾಯಿಸಿದ್ದೀಯ! ಆವತ್ತು ಅಂಗಡಿಯಲ್ಲಿ ಎಲ್ಲರ ಮುಂದೆ "ಡಿಸೈನ್ ಯಾರಿಗೆ ಮಾರ್ಕಂಡೆ ಹೇಳ್ಲಾ" ಅಂತ ನಾನು ಕೇಳಿದ್ದು ಸರಿಯಾಗಿಯೇ ಇತ್ತು ಅಂದುಕೊಂಡೆ. ಕೊಂಡವನು ಹೇಳಿದಂತೆ ತಿದ್ದಿರುತ್ತೀಯ.

ಆಮೇಲೆ ಅದನ್ನು ಆಡುವ ಹಾಗೆ ಎರಡೂ ಕೈಯಲ್ಲಿ ಹಿಡಿದೆ. ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿದ ಮೇಲೆ ನನ್ನ ಎಡಗೈ ಹೆಬ್ಬೆರಳು ಮಡಚುವುದಿಲ್ಲವಲ್ಲ, ಅದು ಚಾಚಿಕೊಂಡೇ ಹೋಗಿ ಬಟನ್ನಿನ ಜಾಗದ ಮೇಲೆ ಸರಿಯಾಗಿ ಕೂತಿತು. ಉಳಿದ ಬೋರ್ಡುಗಳನ್ನೂ ಹಿಡಿದು ನೋಡಿದೆ. ಎಲ್ಲವೂ ಹಾಗೆಯೇ ಇವೆ.

ಇಂಥದ್ದನ್ನು ಬೇರೆ ಯಾರು ಕೊಳ್ಳುತ್ತಾರೆ, ಸುಹೇಲ್?