ಕಾಲುವೆ ದಾರಿಯ ಏರು

ಇವಳೇ,

ನೀನು ಕಣ್ಣು ಮುಚ್ಚಿದಾಗ ಮೂಲೆಗೆ ಒರಗಿಸಿಟ್ಟ ನನ್ನ ಸೈಕಲ್ಲನ್ನು ಮೂರು ವರ್ಷದ ಮೇಲೆ ಇವತ್ತು ಹೊರಗೆ ತೆಗೆದೆ. ಮಗಳು ಬಿಡಲಿಲ್ಲ, ಅವಳಿಗೂ ನಿನ್ನದೇ ಹಟ. ನಿನ್ನ ಸೈಕಲ್ಲನ್ನು ಅವಳು ಹತ್ತಿದಳು.

ಕಾಲುವೆ ದಾರಿಯ ಏರಿನಲ್ಲಿ, ನೀನು ಯಾವಾಗಲೂ ಇಳಿಯುತ್ತಿದ್ದ ಜಾಗದಲ್ಲೇ, ನನಗೆ ಉಸಿರು ಕಟ್ಟಿತು. ಇಳಿದೆ. "ಇಳಿದು ತಳ್ಳೋದಾದ್ರೆ ಸೈಕಲ್ ಯಾಕೆ ಬೇಕಿತ್ತು?" ಎಂದು ನಾನು ಮೇಲೆ ನಿಂತು ಕೂಗುತ್ತಿದ್ದೆನಲ್ಲ, ಅವಳೂ ಅದನ್ನೇ ಅನ್ನುತ್ತಾಳೆಂದು ಕಾದೆ. ಬೈಯಲು ಸಿದ್ಧನಾಗಿಯೇ ಇದ್ದೆ. ಮುಂದೆ ಹೋಗಿದ್ದವಳು ವಾಪಸ್ ಬಂದು ತಾನೂ ಇಳಿದಳು.

"ನಿಂಗೇನಾಯ್ತೇ? ನೀನು ಹೋಗು."

"ಸುಮ್ನೆ ತಳ್ಳಪ್ಪ. ಮಾತಾಡ್ಕೊಂಡು ಹೋಗೋಣ."

ಜೊತೆಗೊಬ್ಬರಿದ್ದರೆ ಆ ಏರು ಮಾತು ಮುಗಿಯುವುದರೊಳಗೆ ಮುಗಿದುಹೋಗುತ್ತದೆ, ಇವಳೇ. ನನಗೆ ಗೊತ್ತಿರಲಿಲ್ಲ.