ಹುರುಳಿಯ ಮಾತ್ರೆ ಡಬ್ಬಿ

ಕುಮಾರಸ್ವಾಮಿ ಲೇಔಟ್
ಭಾನುವಾರ, 16 ನವೆಂಬರ್ 2025, ಬೆಳಿಗ್ಗೆ

ಪ್ರೀತಿಯ ಪದ್ಮ ಅತ್ತಿಗೆ,

ನೀವು ಫೋನ್ ಎತ್ತುತ್ತಿಲ್ಲ. ಮೆಸೇಜ್ ಹಾಕೋಣವೆಂದರೆ ನಿಮ್ಮ ಫೋನು ಸದಾ ನಿಮ್ಮ ತಂಗಿಯ ಮಗಳ ಕೈಯಲ್ಲಿರುತ್ತದೆ. ಇದು ಆ ಮಗು ಓದುವ ವಿಷಯವಲ್ಲ. ಅದಕ್ಕೇ ಕಾಗದ. ಮಧ್ಯಾಹ್ನ ನಾನೇ ತಲಘಟ್ಟಪುರಕ್ಕೆ ಬಂದು ನಿಮ್ಮ ತಾಯಿಯ ಕೈಗೆ ಕೊಟ್ಟು, ಅವರು ಒಳಗೆ ಕರೆದರೂ ಬಾರದೆ ಹಿಂದಿರುಗುತ್ತೇನೆ. ಇದರ ಜೊತೆ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಅದನ್ನು ಯಾರೆದುರೂ ತೆರೆಯಬೇಡಿ.

 

ಸೋಮವಾರ ಬೆಳಿಗ್ಗೆ ನಿಮ್ಮ ತಾಯಿಗೆ ಮಂಡಿನೋವು ಎಂದು ಹೇಳಿ ನೀವು ಹೊರಟಾಗ ನಾನು ನಂಬಿದೆ. ನಿನ್ನೆಯವರೆಗೂ ನಂಬಿದ್ದೆ. ಈಗ ಅದರ ಹಿಂದಿನ ದಿನವನ್ನು ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ನೀವು ಅಲ್ಲೇ ಇದ್ದಿರಿ, ನಿಮಗೆ ಹೇಳಬೇಕಾಗಿಲ್ಲ. ಆದರೆ ನಾನು ಏನು ಮಾಡಿದೆ ಎಂಬುದು ಬರೆದು ನೋಡಿದರೆ ಮಾತ್ರ ನನಗೆ ತಿಳಿದೀತು.

ಹೊಸಕೆರೆಹಳ್ಳಿಯ ವೆಂಕಟಾಚಲ ಅಂಕಲ್ ತಮ್ಮ ಸುಲ್ತಾನನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರು. ನಮ್ಮ ಹುರುಳಿಯ ಹಾಗೆ ಅವನೂ ಲ್ಯಾಬ್ರಡಾರ್. ಅಂಕಲ್ ಕೈಯಲ್ಲಿ ಸೇಬು, ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ! "ಗಂಡಿನ ಕಡೆಯೋರು ಬಂದಿದೀವಿ, ಹುಡುಗೀನ ಕರೀರಮ್ಮ" ಎಂದು ಬಾಗಿಲಲ್ಲೇ ನಗಾಡಿದರು. ಅಮ್ಮ ಬೆಳಿಗ್ಗೆಯಿಂದ ಒಬ್ಬಟ್ಟು ತಟ್ಟುತ್ತಿದ್ದಳು. ಎರಡು ನಾಯಿಗಳ ಸಂಬಂಧಕ್ಕೆ ಒಬ್ಬಟ್ಟೇ ಎಂದು ನಾನು ಆಗಲೇ ಒಳಗೊಳಗೆ ಉರಿಯುತ್ತಿದ್ದೆ.

ಅಮ್ಮನದು ಒಂದೇ ಮಾತು: "ಹೆಣ್ಣು ಜೀವ ಕಣೇ, ಒಂದು ಸಲನಾದ್ರೂ ಮರಿ ಹಾಕ್ಲಿ. ಇಲ್ಲಾಂದ್ರೆ ಆರೋಗ್ಯ ಕೆಡುತ್ತಂತೆ." ಅದು ಸುಳ್ಳು, ಡಾಕ್ಟರೇ ಹೇಳಿದ್ದಾರೆ ಎಂದೆ. ಆಮೇಲೆ ಬ್ಯಾಗಿನಿಂದ ನನ್ನ ಕರಪತ್ರ ತೆಗೆದೆ. ಜಯನಗರದ ಕಾಂಪ್ಲೆಕ್ಸ್ ಮುಂದೆ ನಿಂತು ನಾನೇ ಹಂಚುವುದು, ಸಾಕುನಾಯಿಗೆ ಮರಿ ಹಾಕಿಸುವ ಮೊದಲು ಕೇಳಿಕೊಳ್ಳಬೇಕಾದ ಹನ್ನೆರಡು ಪ್ರಶ್ನೆಗಳದ್ದು. ನಮ್ಮ ಫ್ರಿಜ್ಜಿನ ಬಾಗಿಲಿಗೂ ಅಂಟಿಸಿದ್ದೇನೆ, ನೀವು ದಿನಾ ಹಾಲು ತೆಗೆಯುವಾಗ ಅದನ್ನೇ ನೋಡುತ್ತಿದ್ದಿರಿ. ಸುಲ್ತಾನನ ಸೊಂಟದ ಎಕ್ಸ್-ರೇ ತೆಗೆಸಿದ್ದೀರಾ, ಕಣ್ಣಿನ ಪರೀಕ್ಷೆ ಆಗಿದೆಯಾ, ಹುಟ್ಟುವ ಪ್ರತಿ ಮರಿಗೂ ಮನೆ ಗೊತ್ತಾಗಿದೆಯಾ, ಆ ಮನೆಯವರು ಬೇಡವೆಂದರೆ ವಾಪಸ್ ಕರೆದುಕೊಳ್ಳುತ್ತೀರಾ ಎಂದು ಕೇಳುತ್ತಾ ಹೋದೆ.

"ಸೊಂಟದ ಎಕ್ಸ್-ರೇನಾ? ಅವ್ನೇನು ಪೊಲೀಸ್ ಸೆಲೆಕ್ಷನ್‌ಗೆ ಹೋಗ್ತಾನೇನಮ್ಮ?" ಎಂದರು ಅಂಕಲ್. ಅಪ್ಪ ಜೋರಾಗಿ ನಕ್ಕರು. ನಾನು ನಗಲಿಲ್ಲ. ಹುರುಳಿಗೆ ಫಿಟ್ಸ್ ಬರುತ್ತದೆ ಎಂದು ಅವರಿಗೆ ಹೇಳಿದ್ದೀಯಾ ಎಂದು ಅಮ್ಮನನ್ನು ಎಲ್ಲರ ಮುಂದೆ ಕೇಳಿದೆ. ಅಮ್ಮ ಹೇಳಿರಲಿಲ್ಲ. "ಎಂಟು ತಿಂಗಳಿಂದ ಬಂದಿಲ್ವಲ್ಲೇ" ಎಂದಳು. ಮಾತ್ರೆ ಹಾಕುತ್ತಿರುವುದರಿಂದ ಬಂದಿಲ್ಲ ಎಂದೆ.

ಆಗ ನೀವು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಟ್ರೇ ಹಿಡಿದು ನಿಂತಿದ್ದಿರಿ. ಮೆಲ್ಲಗೆ ಕೇಳಿದಿರಿ: "ಮಾತ್ರೆ ತಗೊಂಡ್ರೆ ಚೆನ್ನಾಗೇ ಇರ್ತಾಳಲ್ಲ ಶಿಲ್ಪಾ? ಮರಿಗಳಿಗೂ ಬಂದೇ ಬರುತ್ತೆ ಅಂತಿದ್ಯಾ?"

ನೀವು ಕೇಳಿದ್ದಕ್ಕೆ ನನಗೆ ಖುಷಿಯಾಯಿತು. ಈ ಮನೆಯಲ್ಲಿ ನೀವೊಬ್ಬರಾದರೂ ವಿಷಯ ತಿಳಿಯಲು ಬಯಸುತ್ತೀರಲ್ಲ ಎಂದುಕೊಂಡೆ. "ಬಂದೇ ಬರುತ್ತೆ ಅಂತಲ್ಲ ಅತ್ತಿಗೆ, ಬರಬಹುದು. ಅಷ್ಟೇ ಸಾಕಲ್ವಾ? ಗೊತ್ತಿದ್ದೂ ಗೊತ್ತಿದ್ದೂ ಎಂಟು ಮನೆಗೆ ಕಾಯಿಲೆ ಹಂಚೋದು ಅಪರಾಧ" ಎಂದೆ. ವೆಂಕಟಾಚಲ ಅಂಕಲ್ ಸುಲ್ತಾನನ ಬೆಲ್ಟ್ ಎಳೆದುಕೊಂಡು ಎದ್ದರು. "ಮೊದ್ಲೇ ಹೇಳಿದ್ರೆ ಪೆಟ್ರೋಲ್ ಉಳೀತಿತ್ತು" ಎಂದು ಗೊಣಗಿ ಹೊರಟರು. ನಾನು ಗೆದ್ದೆ ಎಂದು ಹುರುಳಿಯ ತಲೆ ಸವರಿದೆ.

ಆ ದಿನ ನಾನು ಹೇಳಿದ್ದೆಲ್ಲ ಹುರುಳಿಯ ಬಗ್ಗೆ ಮಾತ್ರ.

ನೀವು ಹೋದ ಮೇಲೆ ಹುರುಳಿಗೆ ಮಾತ್ರೆ ಹಾಕುವ ಕೆಲಸ ನನ್ನದಾಯಿತು. ಫ್ರಿಜ್ಜಿನ ಮೇಲಿನ ಆ ಡಬ್ಬಿಯನ್ನು ಒಂದು ವರ್ಷದಿಂದ ನಿಮ್ಮನ್ನು ಬಿಟ್ಟು ಯಾರೂ ಮುಟ್ಟಿರಲಿಲ್ಲ. ಅದರ ಮುಚ್ಚಳಕ್ಕೆ ಚೀಟಿ ಅಂಟಿಸಿದವಳು ನಾನೇ: "ಹುರುಳಿಯದು. ಯಾರೂ ಮುಟ್ಟಬೇಡಿ." ಒಳಗೆ ಒಂದೇ ಬಗೆಯ ಮಾತ್ರೆಯ ಎರಡು ಕಟ್ಟುಗಳಿದ್ದವು. ಒಂದಕ್ಕೆ ಕೆಂಪು ರಬ್ಬರ್ ಬ್ಯಾಂಡ್, ಇನ್ನೊಂದಕ್ಕೆ ಹಳದಿ. ನಾನು ಕೆಂಪಿನದರಿಂದ ತೆಗೆದು ಅರ್ಧ ಮುರಿದು ದಿನಾ ಬಾಳೆಹಣ್ಣಿನ ಚೂರಿನಲ್ಲಿಟ್ಟು ಕೊಟ್ಟೆ. ಅದು ಮುಗಿಯುತ್ತಾ ಬಂದಿತ್ತೆಂದು ನಿನ್ನೆ ಸಂಜೆ ಖಾಲಿ ಸ್ಟ್ರಿಪ್ ಹಿಡಿದು ಮೂಲೆಯ ಮೆಡಿಕಲ್ ಸ್ಟೋರಿಗೆ ಹೋದೆ.

ಮರುಳಸಿದ್ದಪ್ಪ ಅಂಕಲ್ ಕನ್ನಡಕ ಏರಿಸಿ ಸ್ಟ್ರಿಪ್ ನೋಡಿದರು. "ಅತ್ತಿಗೆ ಬರ್ಲಿಲ್ವಾ ಈ ಸಲ? ಹದಿನೈದನೇ ತಾರೀಕು ತಪ್ಪಿಸಲ್ಲ ಅವ್ರು" ಎಂದರು. ಇದು ನಾಯಿಗೆ ಅಂಕಲ್ ಎಂದೆ. "ನಾಯಿದು ತಿಂಗಳ ಮೊದಲನೇ ವಾರ ಆಯ್ತಲ್ಲಮ್ಮ, ಅದು ಬೇರೆ ಚೀಟಿ, ಅರ್ಧ ಅರ್ಧ. ಇದು ನಿಮ್ಮತ್ತಿಗೇದು. ಎರಡೂವರೆ ವರ್ಷದಿಂದ ನಾನೇ ಕೊಡ್ತಿರೋದು."

ನಾನು ಅಲ್ಲೇ ನಿಂತಿದ್ದೆ. ಹಿಂದಿನಿಂದ ಯಾರೋ "ಮೇಡಂ, ಸ್ವಲ್ಪ ಸರೀರಿ" ಎಂದರು.  ಅಂಕಲ್ ನನ್ನ ಮುಖ ನೋಡಿದರು. "ಅಯ್ಯೋ, ನಿಂಗೆ ಗೊತ್ತಿಲ್ವಾ?" ಎಂದವರು ತಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಮನೆಯವಳಿಗೆ ಗೊತ್ತಿರುತ್ತದೆ ಎಂದು ತಿಳಿದರು.

ಒಂದು ವರ್ಷದಿಂದ ನಿಮ್ಮ ಮಾತ್ರೆ ಒಂದು ನಾಯಿಯ ಹೆಸರಿನ ಕೆಳಗೆ ಇತ್ತು, ಅತ್ತಿಗೆ. ನನ್ನ ಕೈಬರಹದ ಕೆಳಗೆ.

ದಾರಿಯುದ್ದಕ್ಕೂ ನನಗೆ ಬಂದದ್ದು ಕೋಪ. ನಿಜ ಹೇಳುತ್ತೇನೆ. ನಮ್ಮಣ್ಣನಿಗೆ ಮೋಸವಾಯಿತು, ಇಂಥ ವಿಷಯ ಮುಚ್ಚಿಟ್ಟು ಮದುವೆಯಾದರಲ್ಲ ಎಂದುಕೊಂಡೆ. ನಮ್ಮ ಗೇಟಿನವರೆಗೂ ಹಾಗೇ ಅಂದುಕೊಂಡೆ. ಒಳಗೆ ಹುರುಳಿ ನಡುಮನೆಯಲ್ಲಿ ಮಲಗಿದ್ದಳು, ಅವಳು ಮೊದಲ ಸಲ ಬಿದ್ದ ಜಾಗದಲ್ಲೇ. ಆಗ ಹೋದ ವರ್ಷದ ದೀಪಾವಳಿ ನೆನಪಾಯಿತು. ಎಲ್ಲರೂ ಕಿರುಚುತ್ತಿದ್ದಾಗ ಬೀಗದ ಕೈ ಗೊಂಚಲು ತಂದು ಅವಳ ಪಂಜಕ್ಕೆ ಒತ್ತಿದವಳು, ಮೂಢನಂಬಿಕೆಯ ವಿರುದ್ಧ ಕರಪತ್ರ ಹಂಚುವ ನಾನು. ನೀವು ನೆಲದ ಮೇಲೆ ಕೂತು ಕುರ್ಚಿ ದೂರ ಸರಿಸಿದಿರಿ. "ಬಾಯಿಗೆ ಏನೂ ಹಾಕ್ಬೇಡಿ. ಹಿಡ್ಕೋಬೇಡಿ. ಟೈಮ್ ನೋಡ್ಕೋ ಶಿಲ್ಪಾ." ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಟೀವಿಯಲ್ಲಿ ನೋಡಿದ್ದೆ ಎಂದಿರಿ. ಅವಳಿಗೆ ಎಚ್ಚರವಾಗಿ ಗಾಬರಿಯಿಂದ ಅತ್ತ ಇತ್ತ ನೋಡುವಾಗ ಅವಳ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಿರಿ. ಏನು ಹೇಳಿದಿರಿ? ನಿಮಗೆ ಹಾಗಾದಾಗ ಯಾರಾದರೂ ಹೇಳಲಿ ಎಂದು ನೀವು ಬಯಸಿದ್ದನ್ನೇ ಹೇಳಿದಿರಾ?

ಹುರುಳಿಯ ಪಕ್ಕ ಕೂತೆ. ಅಲ್ಲಿಯೇ ಆ ಭಾನುವಾರದ ಉಳಿದ ಮಾತೂ ನೆನಪಾಯಿತು.

ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ದಿನ ನಾನು ಹೇಳಿದ್ದು ಹುರುಳಿಯ ಬಗ್ಗೆ ಮಾತ್ರವಲ್ಲ. ಅಂಕಲ್ ಹೋದ ಮೇಲೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಮ್ಮ ಒಬ್ಬಟ್ಟಿಗೆ ತುಪ್ಪ ಹಾಕುತ್ತಾ ಕೇಳಿದಳು: "ಅಲ್ವೇ, ಮನುಷ್ಯರಿಗೂ ಹಿಂಗೇ ನೋಡ್ಬೇಕಾ ನಿನ್ ಪ್ರಕಾರ?" ನಾನು ತಲೆಯೆತ್ತಲಿಲ್ಲ. ಬಾಯಿತುಂಬ ಒಬ್ಬಟ್ಟು ಇಟ್ಟುಕೊಂಡು ಹೇಳಿದೆ: "ನೋಡ್ಲೇಬೇಕು. ಜಾತಕದ ಬದಲು ಬ್ಲಡ್ ರಿಪೋರ್ಟ್ ನೋಡಿದ್ರೆ ಎಷ್ಟೋ ಕಾಯಿಲೆ ಮಕ್ಕಳು ಹುಟ್ತಾನೇ ಇರ್ಲಿಲ್ಲ."

ಈ ಮಾತನ್ನು ಕರಪತ್ರದಿಂದ ಕದ್ದೆನೇ ಎಂದು ನಿನ್ನೆ ಹುಡುಕಿದೆ. ಹನ್ನೆರಡು ಪ್ರಶ್ನೆಗಳಲ್ಲಿ ಅಂಥದ್ದು ಎಲ್ಲಿಯೂ ಇಲ್ಲ. ಅದು ನಾನೇ ಕಟ್ಟಿದ ಮಾತು. ಕೇಳಲು ಚೆನ್ನಾಗಿದೆ ಎಂದು ಹೇಳಿದೆ. ನಿಮ್ಮ ಎಲೆಯಲ್ಲಿ ಒಬ್ಬಟ್ಟು ಹಾಗೇ ಉಳಿದಿತ್ತು. ನೀವು ಎದ್ದು ಕೈ ತೊಳೆಯಲು ಹೋದಿರಿ. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. "ಅತ್ತಿಗೆ, ನೀರು ವೇಸ್ಟ್ ಆಗ್ತಿದೆ" ಎಂದು ಕೂಗಿದವಳೂ ನಾನೇ.

ನಿನ್ನೆ ರಾತ್ರಿ ಮನುಷ್ಯರ ಫಿಟ್ಸ್ ಬಗ್ಗೆ ಮೊದಲ ಸಲ ಓದಿದೆ. ನಾಯಿಗಳ ಬಗ್ಗೆ ನನ್ನ ಹತ್ತಿರ ಕಂತೆ ಕಂತೆ ಇದೆ, ಮನುಷ್ಯರ ಬಗ್ಗೆ ಒಂದು ಹಾಳೆಯೂ ಇರಲಿಲ್ಲ. ಈ ಕಾಯಿಲೆಯಿರುವ ತಾಯಂದಿರ ಮಕ್ಕಳಲ್ಲಿ ಬಹುಪಾಲು ಜನರಿಗೆ ಅದು ಬರುವುದಿಲ್ಲವಂತೆ. ಡಾಕ್ಟರು ಮಾತ್ರೆಯನ್ನು ಮೊದಲೇ ಸರಿಹೊಂದಿಸಿ ಜೊತೆಗಿದ್ದು ನೋಡಿಕೊಳ್ಳುತ್ತಾರಂತೆ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಿಮಗೆ ಪಾಠ ಹೇಳಲು ಬರೆಯುತ್ತಿಲ್ಲ, ನನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳಲು ಬರೆಯುತ್ತಿದ್ದೇನೆ.

ಹುರುಳಿಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬದಲಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವಳಿಗೆ ಮರಿ ಬೇಡ. ಇಪ್ಪತ್ತೆಂಟಕ್ಕೆ ಆಪರೇಷನ್ನಿಗೆ ದಿನ ಕೇಳಿದ್ದೇನೆ, ಅಮ್ಮ ಹೂಂ ಅಂದಿದ್ದಾಳೆ. ಹುರುಳಿಗೆ ತನ್ನ ಕಾಯಿಲೆ ಏನೆಂದು ಗೊತ್ತಿಲ್ಲ, ಬೇಕು ಬೇಡ ಎನ್ನಲು ಬಾರದು, ಹುಟ್ಟಿದ ಮರಿಗಳು ಯಾರ ಮನೆಗೆ ಹೋದವೆಂದು ವಿಚಾರಿಸಲಾರಳು. ಅವಳ ಪರವಾಗಿ ಯೋಚಿಸುವ ಹೊರೆ ನಮ್ಮ ಮೇಲಿದೆ. ನಿಮ್ಮ ಪರವಾಗಿ ಯೋಚಿಸು ಎಂದು ನೀವು ನನ್ನನ್ನು ಯಾವತ್ತೂ ಕೇಳಿಲ್ಲ. ಆದರೂ ನಾನು ಊಟದ ಮುಂದೆ ಕೂತು ತೀರ್ಪು ಕೊಟ್ಟೆ.

ಡಬ್ಬಿಯಲ್ಲಿ ನಿಮ್ಮ ಕೆಂಪು ರಬ್ಬರ್ ಬ್ಯಾಂಡಿನ ಕಟ್ಟಿನಲ್ಲಿ ಉಳಿದವು ಇವೆ, ನಿನ್ನೆ ತಂದ ಹೊಸ ಸ್ಟ್ರಿಪ್ಪುಗಳೂ ಇವೆ. ಈ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬಾರದೆಂದು ಓದಿದೆ. ಸೋಮವಾರ ಡಬ್ಬಿ ಮುಟ್ಟಿದರೆ ಗೊತ್ತಾಗಿಬಿಡುತ್ತದೆ ಎಂದು ಬಿಟ್ಟು ಹೋದಿರೇ? ಆರು ದಿನ! ಕಾಗದ ಓದದಿದ್ದರೂ ಸರಿ, ಮೊದಲು ಮಾತ್ರೆ ತೆಗೆದುಕೊಳ್ಳಿ.

ಅಣ್ಣನಿಗಾಗಲಿ ಅಮ್ಮನಿಗಾಗಲಿ ನಾನು ಒಂದು ಮಾತೂ ಹೇಳಿಲ್ಲ, ಹೇಳುವುದೂ ಇಲ್ಲ. ಸತ್ಯ ಮುಚ್ಚಿಡಬಾರದೆಂದು ಭಾಷಣ ಮಾಡುವವಳು ಮೊದಲ ಸಲ ಮುಚ್ಚಿಡುತ್ತಿದ್ದೇನೆ. ಯಾವಾಗ ಹೇಳಬೇಕು, ಹೇಳಬೇಕೇ ಬೇಡವೇ ಎಂಬುದು ನಿಮ್ಮದು. ವಾಪಸ್ ಬನ್ನಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಹುರುಳಿ ದಿನಾ ಸಂಜೆ ಗೇಟಿನ ಹತ್ತಿರ ಹೋಗಿ ಕೂರುತ್ತಾಳೆ.

ನಿಮ್ಮ ಎಲೆಯ ಮುಂದೆ ಆ ಮಾತಾಡಿದ ನಾದಿನಿ,
ಶಿಲ್ಪಶ್ರೀ

ತಾ.ಕ.: ಕವರಿಗೆ ಗೋಂದು ಹಚ್ಚುತ್ತಿದ್ದಾಗ ಅಮ್ಮ ಒಳಗೆ ಬಂದಳು. ಡಬ್ಬಿ ನೋಡಿದಳು. ಹುರುಳಿಯ ಮಾತ್ರೆ ಎಂದು ಸುಳ್ಳು ಹೇಳಿದೆ. ಅಮ್ಮ ಹಾಸಿಗೆಯ ಮೇಲೆ ಕೂತು ಹೇಳಿದಳು: "ಅದು ಪದ್ಮಂದು. ಅವಳ ಹತ್ರ ಇದೆ ಬಿಡು, ಸೋಮವಾರ ಸಂಜೇನೇ ನಿಮ್ಮಣ್ಣ ಬೇರೆ ತಗೊಂಡು ಹೋಗಿ ಕೊಟ್ಟು ಬಂದ."

ಮದುವೆ ಮಾತುಕತೆ ನಡೆಯುವಾಗಲೇ ನೀವು ಒಬ್ಬರೇ ಬಂದು ಅಮ್ಮ, ಅಪ್ಪ, ಅಣ್ಣನ ಮುಂದೆ ಕೂತು ಆಸ್ಪತ್ರೆಯ ಫೈಲು ಬಿಚ್ಚಿಟ್ಟಿರಂತೆ. ಅಮ್ಮ ಜಾತಕ ಪಕ್ಕಕ್ಕಿಟ್ಟು ಹೂಂ ಅಂದಳಂತೆ. ಈ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. "ಅವಳೇ ಕೇಳ್ಕೊಂಡಿದ್ದು ಕಣೇ, ಶಿಲ್ಪಂಗೆ ಮಾತ್ರ ಬೇಡ ಅತ್ತೆ, ಒಬ್ಬಳಾದ್ರೂ ನನ್ನ ಸುಮ್ನೆ ಅತ್ತಿಗೆ ಅಂತ ನೋಡ್ಲಿ ಅಂತ."

ಆ ಒಬ್ಬಟ್ಟು ಸುಲ್ತಾನನಿಗಾಗಿ ಆಗಿರಲಿಲ್ಲವಂತೆ. ನಿಮಗೆ ಎರಡು ತಿಂಗಳಂತೆ. ಅವತ್ತು ಊಟದಲ್ಲಿ ನನಗೆ ಎರಡೂ ವಿಷಯ ಹೇಳಬೇಕೆಂದು ನೀವೇ ಒಪ್ಪಿದ್ದಿರಂತೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ಅಮ್ಮ ಆ ಪ್ರಶ್ನೆ ಕೇಳಿದಳಂತೆ.

ಈ ಕಾಗದ ಹರಿದು ಬೇರೆ ಬರೆಯಬಹುದಿತ್ತು. ಬರೆಯುವುದಿಲ್ಲ. ನೀವು ಹೆದರಿದ್ದು ಇದನ್ನು ಬರೆದ ಹುಡುಗಿಗೆ. ಅವಳನ್ನು ಪೂರ್ತಿ ಓದಿ.

ಡಬ್ಬಿ ತರುತ್ತಿಲ್ಲ. ಮುಚ್ಚಳದ ಮೇಲಿನ ಚೀಟಿಯನ್ನು ಬಿಸಿನೀರು ಹಾಕಿ ಉಜ್ಜಿ ತೆಗೆದೆ. ಹುರುಳಿಯದು ಈಗ ಬೇರೆ ಡಬ್ಬಿಯಲ್ಲಿದೆ. ನಿಮ್ಮದನ್ನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೇನೆ.