ಮುಚ್ಚಳಕ್ಕೆ ನಾಲ್ವರು

ಮಾರ್ಚ್ 12, ಬುಧವಾರ

ಅತ್ತೆಯ ಮೇಲೆ ಕೂಗಾಡಿದ್ದು ಇನ್ನೂ ನನ್ನ ಕಿವಿಯಲ್ಲೇ ಇದೆ. "ನಿಮ್ಮ ಆಟಕ್ಕೆ ನನ್ನ ಮಗು ಬಲಿಯಾಗಬೇಕಾ?" ಅಂದುಬಿಟ್ಟೆ.

ಅತ್ತೆ ಮತ್ತು ಅವರ ತಮ್ಮ ಮಾವಯ್ಯ ಊಟದ ಮೇಜಿನ ಮೇಲೆ ಆಡುವ ಯುದ್ಧದ ನಲವತ್ತು ಪುಟ್ಟ ಗೊಂಬೆ ಸೈನಿಕರಲ್ಲಿ ಒಬ್ಬ ಕಾಣೆಯಾಗಿದ್ದ. ಪಾಪುವಿಗೆ ಈಗ ಸಿಕ್ಕಿದ್ದೆಲ್ಲ ಬಾಯಿಗೆ. ಅದರ ಬಾಯಲ್ಲಿ ಬೆರಳಿಟ್ಟು ತಡಕಾಡಿದೆ, ಆಸ್ಪತ್ರೆಗೆ ಹೊರಟೇಬಿಟ್ಟಿದ್ದೆ. ಅಷ್ಟರಲ್ಲಿ ಅತ್ತೆ ತಮ್ಮನ ಜೇಬಿಗೆ ಕೈಹಾಕಿ ಅವನನ್ನು ಹೊರತೆಗೆದರು. ಸೆರೆಸಿಕ್ಕವರನ್ನು ಜೇಬಿಗಿಳಿಸುವುದು ಅವರ ಆಟದ ಪದ್ಧತಿ, ಮಾವಯ್ಯ ಮರೆತೇಬಿಟ್ಟಿದ್ದರು.

ಅದೇನು ಕೈ ಅತ್ತೆಯದು! ಕಿವಿಕಡ್ಡಿಯ ಮೈ, ಮಣಿಯ ತಲೆ, ಅದರ ಮೇಲೆ ಟಿಚ್ ಬಟನ್ನಿನ ಟೊಪ್ಪಿ. ಊರವರ ಬಟ್ಟೆ ಹೊಲಿದು ಉಳಿದ ಚೂರುಪಾರಿನಲ್ಲೇ ದಂಡು ಕಟ್ಟಿದ್ದಾರೆ. ಮಧ್ಯಾಹ್ನವೆಲ್ಲ ಕೂತು ಗುಂಡುಸೂಜಿಯ ಈಟಿಗಳನ್ನು ಕಿತ್ತರು, ಜಾಮ್ ಬಾಟಲಿಯ ಒಂದೊಂದು ಮುಚ್ಚಳಕ್ಕೆ ನಾಲ್ವರಂತೆ ಎಲ್ಲರನ್ನೂ ಅಂಟಿಸಿದರು.

"ಅಕ್ಕಾ, ಒಬ್ಬನನ್ನ ಹಿಡಿದ್ರೆ ನಾಲ್ವರೂ ಬರ್ತಾರಲ್ಲೇ!" ಅಂದರು ಮಾವಯ್ಯ.

"ಬರ್ಲಿ ಬಿಡೋ. ನಿನ್ನ ಜೇಬಲ್ಲಂತೂ ಹಿಡಿಯಲ್ಲ."

ಆಮೇಲೆ ಒಂದು ಮುಚ್ಚಳ ನನ್ನ ಕೈಗಿಟ್ಟು, "ಎಳೆದು ನೋಡಮ್ಮ. ನಿನ್ನ ಕೈಲಿ ಕೀಳೋಕಾಗದಿದ್ರೆ ಪಾಪು ಕೈಲೂ ಆಗಲ್ಲ," ಅಂದರು. ಜೋರಾಗಿಯೇ ಎಳೆದೆ. ಒಬ್ಬನೂ ಅಲುಗಲಿಲ್ಲ. ತಪ್ಪಾಯ್ತು ಅನ್ನಲು ನನಗೆ ಬಾಯೇ ಬರಲಿಲ್ಲ.

ದಿನಾ ಮಲಗುವ ಮುಂಚೆ ಕದ್ದು ನಲವತ್ತೂ ಎಣಿಸುತ್ತಿದ್ದೆ. ಈಗ ಹತ್ತೇ ಮುಚ್ಚಳ. ಆದರೂ ಹೋದೆ, ಎಣಿಸದೆ ಸುಮ್ಮನೆ ನೋಡುತ್ತಾ ನಿಂತೆ. ಒಬ್ಬ ಸಿಪಾಯಿಯ ಬೆನ್ನ ಮೇಲೆ ಪಾಪುವಿನ ಮೊದಲ ಅಂಗಿಯ ಚೂರಿದೆ. ಯಾವಾಗ ಹೊಲಿದರೋ. ಬೆಳಿಗ್ಗೆ ಎದ್ದ ಕೂಡಲೇ ಅತ್ತೆಗೆ ತಪ್ಪಾಯ್ತು ಅನ್ನಬೇಕು.